ದಾಂಪತ್ಯದ ತೃಪ್ತಿಯೂ ಆತ್ಮಗೌರವವೂ

ಉಣ್ಣಲು ಅನ್ನ, ಉಡಲು ಬಟ್ಟೆ, ಇರಲು ಮನೆ ಇವು ಮೂರೂ ಇದ್ದ ಮೇಲೆ ಸಂಸಾರದಲ್ಲಿ ಸುಖವು ತಾನಾಗಿಯೇ ನೆಲೆಸುವುದೆಂದು ಲೋಕವು ಭಾವಿಸುತ್ತದೆ. ಮದುವೆಯ ಮಾತುಕತೆಯಲ್ಲಿ ಹಿರಿಯರು ವಿಚಾರಿಸುವುದೂ ಬಹುಮಟ್ಟಿಗೆ ಇವನ್ನೇ: ಹೊಲವೆಷ್ಟು, ನೌಕರಿ ಯಾವುದು, ಓದು ಎಲ್ಲಿಯವರೆಗೆ, ಮನೆತನ ಎಂಥದು. ಇವನ್ನು ವಿಚಾರಿಸುವುದು ತಪ್ಪಲ್ಲ. ಆದರೆ ಇವೆಲ್ಲವೂ ಸರಿಯಾಗಿರುವ ಮನೆಯಲ್ಲಿಯೂ ಸತಿಪತಿಗಳು ಒಳಗೊಳಗೇ ಬೇಯುತ್ತಿರುವುದುಂಟು. ಇವುಗಳಲ್ಲಿ ಅರ್ಧವೂ ಇಲ್ಲದ ಮನೆಯಲ್ಲಿ ಇಬ್ಬರೂ ತೃಪ್ತರಾಗಿ ಬಾಳುವುದೂ ಉಂಟು. ಹಾಗಾದರೆ ದಾಂಪತ್ಯದ ತೃಪ್ತಿಯು ಯಾವುದನ್ನು ಆಶ್ರಯಿಸಿಕೊಂಡಿದೆ? ಅದು ದೊರೆತ ಸಂಗಾತಿಯ ಗುಣದಿಂದ ಬರುವುದೋ, ಅಥವಾ ಪ್ರತಿಯೊಬ್ಬರೂ ತಮ್ಮೊಳಗೆ ಹೊತ್ತು ತಂದ ಸ್ವಭಾವದಿಂದ ಬರುವುದೋ? ಗೃಹಸ್ಥರು ನಿಂತು ವಿಚಾರಿಸಬೇಕಾದ ಪ್ರಶ್ನೆಯಿದು.

ದಿನನಿತ್ಯದ ಒಂದು ಚಿಕ್ಕ ಸಂಗತಿಯಿಂದ ವಿಚಾರವನ್ನು ಆರಂಭಿಸಬಹುದು. ಗಂಡನು ಊಟಕ್ಕೆ ಕುಳಿತು, “ಪಲ್ಯಕ್ಕೆ ಉಪ್ಪು ಸ್ವಲ್ಪ ಕಡಿಮೆಯಾಗಿದೆ” ಎನ್ನುತ್ತಾನೆ. ಒಬ್ಬ ಗೃಹಿಣಿಯು ಉಪ್ಪಿನ ಬಟ್ಟಲನ್ನು ಮುಂದಿಟ್ಟು ತನ್ನ ರೊಟ್ಟಿಯ ಕಡೆಗೆ ತಿರುಗುತ್ತಾಳೆ. ಮಾತು ಅಲ್ಲಿಗೆ ಮುಗಿಯಿತು. ಇನ್ನೊಬ್ಬಳ ಕಿವಿಗೆ ಅದೇ ಮಾತು ಬೇರೆಯಾಗಿ ಕೇಳಿಸುತ್ತದೆ: “ನಿನಗೆ ಏನೂ ಬಾರದು, ನೀನು ಈ ಮನೆಗೆ ತಕ್ಕವಳಲ್ಲ.” ಆಡಿದವನು ಉಪ್ಪಿನ ಮಾತನ್ನು ಆಡಿದನು; ಕೇಳಿದವಳು ತನ್ನ ಬೆಲೆಯ ಮಾತನ್ನು ಕೇಳಿದಳು. ಆ ದಿನದ ಊಟವು ಇಬ್ಬರಿಗೂ ರುಚಿಸುವುದಿಲ್ಲ. ಇನ್ನೊಂದು ಮನೆಯಲ್ಲಿ ಹೆಂಡತಿಯು ಶಾಲೆಯಲ್ಲಿ ಶಿಕ್ಷಕಿ. ಗಂಡನದು ಪೇಟೆಯಲ್ಲಿ ಅಂಗಡಿ. ಎರಡು ವರುಷಗಳಿಂದ ವ್ಯಾಪಾರವು ಕುಗ್ಗಿದೆ. ಅವಳು ಸಹಜವಾಗಿ, “ಈ ತಿಂಗಳ ಮಗನ ಫೀಸನ್ನು ನಾನೇ ಕಟ್ಟಿಬಿಡುತ್ತೇನೆ, ನೀವು ಚಿಂತಿಸಬೇಡಿರಿ” ಎಂದರೆ, ಅವನು, “ಸಂಬಳ ತರುವವಳು ನೀನು, ನನ್ನನ್ನೇಕೆ ಕೇಳುತ್ತೀ?” ಎಂದು ಎದ್ದುಹೋಗುತ್ತಾನೆ. ಅವಳು ಆಡಿದುದು ಪ್ರೀತಿಯ ಮಾತು. ಅವನಿಗೆ ತಾಗಿದುದು ಹಂಗಿನ ಮಾತು. ಈ ಎರಡು ಮನೆಗಳಲ್ಲಿಯೂ ಪ್ರೀತಿಗೆ ಕೊರತೆಯಿಲ್ಲ. ಬಂದ ಪ್ರೀತಿಯನ್ನು ನಂಬುವ ಶಕ್ತಿಗೆ ಕೊರತೆಯಿದೆ.

ಮನುಷ್ಯನು ತನಗೆ ತಾನೇ ಕಟ್ಟಿಕೊಳ್ಳುವ ಬೆಲೆಯನ್ನು ಆತ್ಮಗೌರವವೆಂದು ಕರೆಯಬಹುದು. ಇದನ್ನು ಕುರಿತು ಪಶ್ಚಿಮದ ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ವಿಚಾರಮಾಡಿದ್ದಾರೆ. ಅಮೆರಿಕೆಯ ವಿಲಿಯಂ ಜೇಮ್ಸ್‌ರು 1890ರಲ್ಲಿ ಪ್ರಕಟಿಸಿದ ತಮ್ಮ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ, ಮನುಷ್ಯನು ಸಾಧಿಸಿದುದನ್ನು ಅವನು ಆಶಿಸಿದುದರಿಂದ ಭಾಗಿಸಿದರೆ ದೊರೆಯುವುದೇ ಅವನ ಆತ್ಮಗೌರವವೆಂದು ಲೆಕ್ಕದ ರೀತಿಯಲ್ಲಿ ನಿರೂಪಿಸಿದರು. ಸಾಧನೆ ಹೆಚ್ಚಿದರೂ ಅದು ಹೆಚ್ಚುವುದು. ಆಸೆ ತಗ್ಗಿದರೂ ಹೆಚ್ಚುವುದು. 1965ರಲ್ಲಿ ಮಾರಿಸ್ ರೋಸನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಹತ್ತು ಸರಳ ಹೇಳಿಕೆಗಳ ಒಂದು ಅಳತೆಗೋಲನ್ನು ಸಿದ್ಧಪಡಿಸಿದರು. ತಾನು ಇತರರಿಗಿಂತ ಶ್ರೇಷ್ಠನೇ ಎಂದು ಅದು ಕೇಳುವುದಿಲ್ಲ. ತಾನು ಇತರರಂತೆಯೇ ಬೆಲೆಯುಳ್ಳ ಮನುಷ್ಯನೆಂದು ಒಪ್ಪಿಕೊಂಡಿರುವನೇ ಎಂದು ಕೇಳುತ್ತದೆ. ಈ ಭೇದವು ಮುಖ್ಯವಾದುದು. ಆತ್ಮಗೌರವಕ್ಕೂ ಅಹಂಕಾರಕ್ಕೂ ಇರುವ ಅಂತರವೆಲ್ಲ ಇದರಲ್ಲಿಯೇ ಅಡಗಿದೆ.

ಈ ಆತ್ಮಗೌರವವು ದಾಂಪತ್ಯದಲ್ಲಿ ಹೇಗೆ ಕೆಲಸಮಾಡುತ್ತದೆ ಎಂಬುದನ್ನು ಸಾಂಡ್ರಾ ಮರ್ರೇ, ಜಾನ್ ಹೋಮ್ಸ್ ಮೊದಲಾದ ಸಂಶೋಧಕರು ಪರೀಕ್ಷಿಸಿದರು. 2000ದಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಜೋಡಿಗಳನ್ನು ಎರಡು ಬಗೆಯಾಗಿ ಪ್ರಶ್ನಿಸಲಾಗಿತ್ತು: ನಿಮ್ಮ ಸಂಗಾತಿಯನ್ನು ನೀವು ಎಷ್ಟು ಮೆಚ್ಚುತ್ತೀರಿ? ನಿಮ್ಮ ಸಂಗಾತಿಯು ನಿಮ್ಮನ್ನು ಎಷ್ಟು ಮೆಚ್ಚುತ್ತಾರೆಂದು ನೀವು ಭಾವಿಸುತ್ತೀರಿ? ಒಬ್ಬರ ಊಹೆಯನ್ನು ಇನ್ನೊಬ್ಬರ ನಿಜವಾದ ಉತ್ತರದೊಡನೆ ಹೋಲಿಸಿದಾಗ ಕಂಡುಬಂದುದೇನೆಂದರೆ, ತಮ್ಮ ಬಗ್ಗೆ ತಾವೇ ಕೀಳಾಗಿ ಭಾವಿಸಿದವರು ಸಂಗಾತಿಯ ಮೆಚ್ಚುಗೆಯನ್ನು ಅದು ಇರುವುದಕ್ಕಿಂತ ಬಹಳ ಕಡಿಮೆಯಾಗಿ ಊಹಿಸಿಕೊಂಡಿದ್ದರು. ಎದುರಿಗಿರುವವರ ಮನಸ್ಸಿನಲ್ಲಿ ಗೌರವವಿದೆ. ಇವರಿಗೆ ಮಾತ್ರ ಅದು ಕಾಣುವುದಿಲ್ಲ. ಕೊಡ ತುಂಬಿದ್ದರೂ ಬಾಯಾರಿಕೆ ಹೋಗದಂತಹ ಸ್ಥಿತಿಯಿದು.

ಇಷ್ಟರಲ್ಲಿಯೇ ಅನರ್ಥವು ನಿಲ್ಲುವುದಿಲ್ಲ. ತನ್ನನ್ನು ಪ್ರೀತಿಸುವುದಿಲ್ಲವೆಂದು ಶಂಕಿಸಿದವರು ಎರಡರಲ್ಲಿ ಒಂದು ದಾರಿಯನ್ನು ಹಿಡಿಯುತ್ತಾರೆ. ಕೆಲವರು ನೋವಾಗುವ ಮೊದಲೇ ದೂರ ಸರಿದು, ಮಾತನ್ನು ಕಡಿಮೆಮಾಡಿ, ಸಂಗಾತಿಯ ದೋಷಗಳನ್ನು ಎಣಿಸತೊಡಗುತ್ತಾರೆ. ಇನ್ನು ಕೆಲವರು ಹೆಜ್ಜೆ ಹೆಜ್ಜೆಗೂ ಪ್ರೀತಿಯನ್ನು ಪರೀಕ್ಷಿಸುತ್ತಾರೆ: ನಿಜವಾಗಿಯೂ ನನ್ನ ಮೇಲೆ ಮನಸ್ಸಿದೆಯೇ, ಏಕೆ ತಡವಾಯಿತು, ಅವರೊಡನೆ ನಕ್ಕು ಮಾತನಾಡಿದುದೇಕೆ. ಮೊದಮೊದಲು ಸಂಗಾತಿಯು ತಾಳ್ಮೆಯಿಂದ ಉತ್ತರಿಸುತ್ತಾರೆ. ಎಷ್ಟು ಉತ್ತರಿಸಿದರೂ ಶಂಕೆ ತೀರದಿದ್ದಾಗ ಬೇಸರಗೊಳ್ಳುತ್ತಾರೆ. ಆ ಬೇಸರದ ಮುಖವನ್ನು ಕಂಡೊಡನೆ ಶಂಕಿತರು, “ನೋಡು, ನಾನು ಎಣಿಸಿದ್ದುದೇ ನಿಜವಾಯಿತು” ಎಂದುಕೊಳ್ಳುತ್ತಾರೆ. ಇಲ್ಲದ ಬೆಂಕಿಗೆ ಹೆದರಿದವರೇ ಈ ರೀತಿಯಲ್ಲಿ ಬೆಂಕಿಯನ್ನು ಹೊತ್ತಿಸಿದಂತಾಗುತ್ತದೆ.

ಆತ್ಮಗೌರವದಂತೆಯೇ ಒಟ್ಟು ಸ್ವಭಾವವೂ ದಾಂಪತ್ಯದ ಗತಿಯನ್ನು ನಿರ್ಣಯಿಸುವುದರಲ್ಲಿ ಪಾಲುಗೊಳ್ಳುತ್ತದೆ. 1930ರ ದಶಕದಲ್ಲಿ ಮದುವೆ ನಿಶ್ಚಯವಾಗಿದ್ದ 300 ಅಮೆರಿಕನ್ ಜೋಡಿಗಳ ಸ್ವಭಾವವನ್ನು ಆಗಲೇ ಗುರುತು ಹಾಕಿಕೊಂಡು, ಅವರ ಬಾಳನ್ನು 1980ರ ಹೊತ್ತಿನವರೆಗೂ ಅನುಸರಿಸಿ ನೋಡಿದ ಅಪರೂಪದ ಅಧ್ಯಯನವೊಂದಿದೆ. ಅದರ ಫಲಿತವನ್ನು ಕೆಲ್ಲಿ ಮತ್ತು ಕಾನ್ಲಿ ಎಂಬ ವಿದ್ವಾಂಸರು 1987ರಲ್ಲಿ ಪ್ರಕಟಿಸಿದರು. ಸತಿಪತಿಗಳಲ್ಲಿ ಯಾರಲ್ಲಿಯೇ ಆಗಲಿ ಬೇಗನೆ ಕಳವಳಗೊಂಡು ಕುದಿಯುವ ಸ್ವಭಾವವೂ, ಪತಿಯಲ್ಲಿ ಮನದ ಆವೇಗವನ್ನು ತಡೆದುಕೊಳ್ಳಲಾಗದ ಸ್ವಭಾವವೂ ಇದ್ದಲ್ಲಿ ದಾಂಪತ್ಯವು ಮುರಿಯುವ ಅಥವಾ ಕಹಿಯಾಗುವ ಸಂಭವ ಹೆಚ್ಚೆಂದು ಅದರಿಂದ ತಿಳಿದುಬಂದಿತು. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972 ಮತ್ತು 1973ರಲ್ಲಿ ಜನಿಸಿದ ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಬಾಲ್ಯದಿಂದಲೇ ಅನುಸರಿಸುತ್ತ ಬಂದ ಇನ್ನೊಂದು ದೊಡ್ಡ ಅಧ್ಯಯನವಿದೆ. ಅವರ ಪ್ರೇಮಸಂಬಂಧಗಳನ್ನು ಕುರಿತು 2002ರಲ್ಲಿ ಹೊರಬಂದ ಲೇಖನವು, ಸಂಗಾತಿಗಳು ಬದಲಾದರೂ ಹಲವರ ಜೊತೆಯಲ್ಲಿ ಹಳೆಯ ಜಗಳಗಳೇ ಹಿಂಬಾಲಿಸಿ ಬಂದುದನ್ನು ತೋರಿಸಿತು. ಮನೆಯನ್ನು ಬದಲಿಸಿದವರು ತಮ್ಮ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡೇ ಹೋಗಿದ್ದರು. ದುಃಖಕ್ಕೆಲ್ಲ ಸಂಗಾತಿಯೇ ಕಾರಣವೆಂದು ದೂರುವವರು ಈ ಮಾತನ್ನು ಒಮ್ಮೆ ಮನನಮಾಡಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಆತ್ಮಗೌರವವು ಒಳ್ಳೆಯದಾದರೆ ತನ್ನನ್ನು ತಾನು ಎಷ್ಟು ದೊಡ್ಡವನೆಂದು ಎಣಿಸಿದರೆ ಅಷ್ಟು ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ತಾನೇ ಶ್ರೇಷ್ಠನೆಂದು ಬೀಗುವವನಿಗೆ ಹೆಂಡತಿಯು ಜೊತೆಗಾತಿಯಲ್ಲ, ತನ್ನನ್ನು ದೊಡ್ಡದಾಗಿ ತೋರಿಸುವ ಕನ್ನಡಿ. ಕನ್ನಡಿಯು ನಿಜವನ್ನು ತೋರಿಸಿದ ದಿನ ಅದನ್ನು ಒಡೆಯಬೇಕೆನಿಸುತ್ತದೆ. ವಿಚಾರಿಸಿ ನೋಡಿದರೆ ಅಹಂಕಾರಿಯೂ ಕೀಳರಿಮೆಯವನೂ ಒಂದೇ ರೋಗದಿಂದ ನರಳುವವರು. ಇಬ್ಬರ ಬೆಲೆಯೂ ಇತರರ ಬಾಯಲ್ಲಿದೆ. ಒಬ್ಬನು ಹೊಗಳಿಕೆಯನ್ನು ಬಲವಂತದಿಂದ ವಸೂಲಿಮಾಡುತ್ತಾನೆ. ಇನ್ನೊಬ್ಬನು ಅದನ್ನು ಭಿಕ್ಷೆಯಾಗಿ ಬೇಡುತ್ತಾನೆ. ವಸೂಲಿಮಾಡಿದುದಾಗಲಿ ಬೇಡಿ ಪಡೆದುದಾಗಲಿ ರಾತ್ರಿ ಕಳೆಯುವುದರೊಳಗೆ ಖರ್ಚಾಗಿ, ಬೆಳಗಾದರೆ ಮತ್ತೆ ಬೇಕಾಗುತ್ತದೆ.

ಆದುದರಿಂದ ಮನುಷ್ಯನು ತನ್ನ ಬೆಲೆಯನ್ನು ಎಷ್ಟು ಎಂದುಕೊಂಡಿರುವನೆಂಬುದಕ್ಕಿಂತ, ಆ ಬೆಲೆಯನ್ನು ಎಲ್ಲಿ ಇರಿಸಿರುವನೆಂಬುದೇ ಮೂಲಪ್ರಶ್ನೆ. ಸಾಧನೆಯಲ್ಲಿ ಇರಿಸಿದರೆ ಅಂಗಡಿ ಕುಗ್ಗಿದೊಡನೆ ಬೆಲೆಯೂ ಕುಗ್ಗುವುದು. ರೂಪದಲ್ಲಿ ಇರಿಸಿದರೆ ವಯಸ್ಸಿನೊಡನೆ ಇಳಿಯುವುದು. ಸಂಗಾತಿಯ ಮುಖದಲ್ಲಿ ಇರಿಸಿದರೆ, ಆ ಮುಖವು ಬೇರೆ ಯಾವುದೋ ಚಿಂತೆಯಿಂದ ಬಾಡಿದ ದಿನವೂ ತನ್ನ ಬೆಲೆಯೇ ಬಾಡಿತೆಂಬ ಭ್ರಾಂತಿಯುಂಟಾಗುವುದು. ಶಿವಶರಣರು ಈ ಪ್ರಶ್ನೆಗೆ ನೇರವಾದ ಉತ್ತರವನ್ನು ತಮ್ಮ ಬಾಳಿನಿಂದಲೇ ಕೊಟ್ಟಿದ್ದಾರೆ. ಹುಟ್ಟಿದ ಮಗುವಿಗೆ ಲಿಂಗಧಾರಣೆ ಮಾಡುವ ಸಂಪ್ರದಾಯವನ್ನು ಈ ದೃಷ್ಟಿಯಿಂದ ನೋಡಬೇಕು. ಆ ಶಿಶುವು ಇನ್ನೂ ಯಾವ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿಲ್ಲ, ಒಂದು ಕಾಸನ್ನೂ ಗಳಿಸಿಲ್ಲ, ಗಂಡೋ ಹೆಣ್ಣೋ ಎಂಬ ಭೇದವನ್ನೂ ಅಲ್ಲಿ ಎಣಿಸುವುದಿಲ್ಲ. ಆದರೂ ಪರಶಿವನ ಕುರುಹು ಅದರ ಎದೆಯ ಮೇಲೆ ನೆಲೆಸುತ್ತದೆ. ಬೆಲೆಯು ಗಳಿಕೆಗಿಂತ ಮೊದಲೇ ಬಂದಿತು. ಯಾರ ಮೆಚ್ಚುಗೆಗೂ ಕಾಯದೆ ಬಂದಿತು. ಹೀಗೆ ಬಂದುದನ್ನು ಗಂಡನ ಸಿಡುಕಾಗಲಿ ಹೆಂಡತಿಯ ಮೌನವಾಗಲಿ ಕಿತ್ತುಕೊಳ್ಳಲಾರದು.

ಎರಡನೆಯ ಆಧಾರವು ಕಾಯಕ. ತಾನು ಮಾಡುವ ಕೆಲಸವು ಸತ್ಯವಾಗಿದ್ದು, ಅದು ಮತ್ತೊಬ್ಬರ ದಾಸೋಹಕ್ಕೆ ಒದಗುವುದಾದರೆ, ಆ ಕೆಲಸವು ಎಷ್ಟು ಸಣ್ಣದೆಂದು ಲೋಕವು ಎಣಿಸಿದರೂ ಮಾಡುವವನ ಬೆನ್ನು ಬಾಗುವುದಿಲ್ಲ. ಇಲ್ಲಿ ಗಳಿಸಿದ ಮೊತ್ತದ ಲೆಕ್ಕವಿಲ್ಲ. ಮಾಡಿದ ಮನಸ್ಸಿನ ಶುದ್ಧಿಯ ಲೆಕ್ಕವಿದೆ. ಜೇಮ್ಸ್‌ರ ಭಾಗಾಕಾರದಲ್ಲಿ ಆಸೆಯನ್ನು ತಗ್ಗಿಸಿದರೂ ಆತ್ಮಗೌರವವು ಹೆಚ್ಚುವುದೆಂದು ಮೇಲೆ ಹೇಳಲಾಯಿತಷ್ಟೆ. ಶರಣರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಆ ಭಾಗಾಕಾರವನ್ನೇ ಬಿಟ್ಟುಕೊಟ್ಟವರು. ಇದಕ್ಕೆ ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿಗಳ ಬಾಳಿಗಿಂತ ಸ್ಪಷ್ಟವಾದ ನಿದರ್ಶನ ಬೇರೆ ಬೇಕಿಲ್ಲ.

ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಈ ದಂಪತಿಗಳು 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮ ದಾಸೋಹವನ್ನು ನಡೆಸುವುದು ಮಾರಯ್ಯನವರ ಕಾಯಕ. ಶೂನ್ಯಸಂಪಾದನೆಯಲ್ಲಿ ಬರುವ ಇವರ ಪ್ರಸಂಗವು ಎಲ್ಲ ಭಕ್ತರಿಗೂ ಪರಿಚಿತವಾದುದೇ. ಒಂದು ದಿನ ಮಾರಯ್ಯನವರು ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕದ ವೇಳೆಯನ್ನು ಮೀರಿದಾಗ ಲಕ್ಕಮ್ಮನವರು ಅವರನ್ನು ಎಚ್ಚರಿಸುತ್ತಾರೆ. ಅವರು ಅವಸರದಿಂದ ಹೋಗಿ ಅಂದಿನ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತರುತ್ತಾರೆ. ಅದನ್ನು ನೋಡಿದ ಲಕ್ಕಮ್ಮನವರು ಹಿಗ್ಗಲಿಲ್ಲ. ಮಿಗಿಲಾಗಿ ತಂದುದರ ಹಿಂದೆ ಆಸೆಯ ನೆರಳಿದೆಯೆಂದು ಕಂಡು, ಹೆಚ್ಚಾದುದನ್ನು ತಂದ ಸ್ಥಳಕ್ಕೇ ಹಿಂದಿರುಗಿಸಬೇಕೆಂದು ಗಂಡನಿಗೆ ನೇರವಾಗಿ ಹೇಳಿದರು.

ಈ ಕಥೆಯನ್ನು ಹೇಳುವವರು ಲಕ್ಕಮ್ಮನವರ ನಿರಾಸೆಯನ್ನೂ ಧೈರ್ಯವನ್ನೂ ಕೊಂಡಾಡುವುದು ವಾಡಿಕೆ. ಅದು ಯೋಗ್ಯವೂ ಹೌದು. ಆದರೆ ದಾಂಪತ್ಯದ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡುವಾಗ ದೃಷ್ಟಿಯು ಮಾರಯ್ಯನವರ ಕಡೆಗೂ ಹರಿಯಬೇಕು. ಹೊತ್ತು ತಂದ ಅಕ್ಕಿಯನ್ನು ಹೆಂಡತಿಯ ಮಾತಿನ ಮೇಲೆ ಮತ್ತೆ ಹೊತ್ತುಕೊಂಡು ಹೊರಟ ಆ ಪುರುಷನ ಮನಸ್ಸು ಎಂಥದು? ತನ್ನ ದುಡಿಮೆಗೆ ಮೆಚ್ಚುಗೆಯನ್ನು ನಿರೀಕ್ಷಿಸುವ ಗಳಿಗೆಯಲ್ಲಿ ತಿದ್ದುಪಡಿಯು ದೊರೆತಾಗ ಸಾಮಾನ್ಯನಾದ ಗೃಹಸ್ಥನು ಏನು ಮಾಡುತ್ತಿದ್ದನು? “ನಿನಗಾಗಿ, ಈ ಮನೆಗಾಗಿ ತಂದೆನಲ್ಲವೇ” ಎನ್ನುತ್ತಿದ್ದನು, ಊಟವನ್ನು ಬಿಡುತ್ತಿದ್ದನು, ನಾಲ್ಕು ದಿನ ಮಾತುಬಿಡುತ್ತಿದ್ದನು. ಮಾರಯ್ಯನವರು ಇದಾವುದನ್ನೂ ಮಾಡಲಿಲ್ಲ. ಕಾರಣವೇನೆಂದರೆ, ಅವರ ಬೆಲೆಯು ತಂದ ಅಕ್ಕಿಯ ಗಂಟಿನಲ್ಲಿಯೂ ಇರಲಿಲ್ಲ, ಹೆಂಡತಿಯ ಮೆಚ್ಚುಗೆಯ ನೋಟದಲ್ಲಿಯೂ ಇರಲಿಲ್ಲ. ಗಂಟು ಹಗುರವಾದರೆ ತಾವು ಹಗುರವಾಗುವರೆಂಬ ಭಯ ಅವರಿಗೆ ಇರಲಿಲ್ಲ. ತಿದ್ದುವುದಕ್ಕೆ ಎಷ್ಟು ಆತ್ಮಗೌರವ ಬೇಕೋ ತಿದ್ದಿಸಿಕೊಳ್ಳುವುದಕ್ಕೆ ಅದಕ್ಕಿಂತ ಹೆಚ್ಚು ಬೇಕು. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸುವ, ಇಂದು ನಾಡಿನ ನಾಲಗೆಯ ಮೇಲಿರುವ ಮಾತು, ಒಮ್ಮೆ ಕಾಯಕವನ್ನು ಮರೆತು ಹೆಂಡತಿಯಿಂದ ಎಚ್ಚರಗೊಂಡ ಈ ಮಾರಯ್ಯನವರ ವಚನದಲ್ಲಿಯೇ ಬರುತ್ತದೆಂಬುದು ಗಮನಾರ್ಹ. ತಿದ್ದುಪಡಿಯು ಅವರನ್ನು ಕುಗ್ಗಿಸಲಿಲ್ಲ, ಬೆಳೆಸಿತು.

ಲಕ್ಕಮ್ಮನವರ ಪ್ರೀತಿಯ ಬಗೆಯೂ ವಿಚಾರಾರ್ಹವಾಗಿದೆ. ಮಾರಯ್ಯನವರ ವಚನಗಳ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನವರದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಇದರಂತೆಯೇ ಜೇಡರ ದಾಸಿಮಯ್ಯನವರ ಪತ್ನಿ ದುಗ್ಗಳೆಯವರ ಅಂಕಿತ ‘ದಾಸಯ್ಯಪ್ರಿಯ ರಾಮನಾಥ’. ಈ ಶರಣೆಯರು ಗಂಡನ ಹೆಸರನ್ನು ತಮ್ಮ ಇಷ್ಟದೈವದ ಹೆಸರಿನೊಡನೆ ಸೇರಿಸಿಕೊಂಡರು. ಆದರೆ ಗಂಡನನ್ನು ದೈವದ ಸ್ಥಾನದಲ್ಲಿ ಕುಳ್ಳಿರಿಸಲಿಲ್ಲ. ಗಂಡನಿಗೆ ಪ್ರಿಯನಾದ ಲಿಂಗವೇ ತನಗೂ ಆಶ್ರಯವೆಂದರು. ಶರಣ ಸತಿ ಲಿಂಗ ಪತಿ ಎಂಬ ತತ್ತ್ವದಲ್ಲಿ ಗಂಡನೂ ಸತಿಯೇ, ಹೆಂಡತಿಯೂ ಸತಿಯೇ. ಒಬ್ಬನೇ ಒಡೆಯನ ಮುಂದೆ ಇಬ್ಬರೂ ಸಮಾನರಾಗಿ ನಿಂತವರು. ಹೀಗೆ ನಿಂತವರಲ್ಲಿ ಒಬ್ಬರು ಇನ್ನೊಬ್ಬರಿಗೆ ಬೆಲೆಕಟ್ಟುವ ಅಧಿಕಾರಿಯಾಗುವುದಿಲ್ಲ, ದಾರಿಯ ಜೊತೆಯಾಗುತ್ತಾರೆ. ಗಂಡನನ್ನೇ ದೇವರೆಂದು ನಂಬಿದವಳಿಗೆ ಅವನ ತಪ್ಪನ್ನು ಹೇಳುವ ಧೈರ್ಯವಿರಲಾರದು. ಹೆಂಡತಿಯು ತನ್ನನ್ನು ದೇವರೆಂದು ಪೂಜಿಸಬೇಕೆಂದು ಬಯಸಿದವನಿಗೆ ಅದನ್ನು ಕೇಳುವ ತಾಳ್ಮೆಯಿರಲಾರದು. ಲಕ್ಕಮ್ಮ ಮಾರಯ್ಯನವರ ಮನೆಯಲ್ಲಿ ಎರಡೂ ಇದ್ದುವು. ಆದುದರಿಂದಲೇ ಆ ಬಡಮನೆಯಲ್ಲಿ ತೃಪ್ತಿಯು ನೆಲೆಸಿತ್ತು.

ಈ ಹಂತದಲ್ಲಿ ಒಂದು ಆಕ್ಷೇಪವು ಏಳಬಹುದು. ಶರಣರು ತಮ್ಮನ್ನು ಎಲ್ಲರಿಗಿಂತ ಕಿರಿಯರೆಂದು ಭಾವಿಸಿದವರಲ್ಲವೇ? ಬಸವಣ್ಣನವರ ವಿನಯವು ಲೋಕಪ್ರಸಿದ್ಧವಾದುದಲ್ಲವೇ? ತನ್ನನ್ನು ಕಿರಿದುಮಾಡಿಕೊಳ್ಳುವುದೇ ಭಕ್ತಿಯಾದರೆ ಆತ್ಮಗೌರವಕ್ಕೆ ಅಲ್ಲಿ ಸ್ಥಳವೆಲ್ಲಿ? ಆಕ್ಷೇಪವು ಗಂಭೀರವಾದುದು, ಆದರೆ ವಿನಯವೂ ಕೀಳರಿಮೆಯೂ ಹೊರಗಿನಿಂದ ಮಾತ್ರ ಒಂದೇ ಬಗೆಯಾಗಿ ಕಾಣುತ್ತವೆ. ಕೀಳರಿಮೆಯುಳ್ಳವನು ಹಗಲಿರುಳೂ ತನ್ನನ್ನೇ ನೋಡಿಕೊಳ್ಳುತ್ತಿರುತ್ತಾನೆ: ತಾನು ಹೇಗೆ ಕಂಡೆ, ಅವರು ಏನೆಂದುಕೊಂಡರು, ತನಗೆ ಎಷ್ಟು ಮನ್ನಣೆ ದೊರೆಯಿತು. ವಿನಯಶಾಲಿಯು ತನ್ನನ್ನು ಮರೆತು ಎದುರಿನವರನ್ನು ನೋಡುತ್ತಾನೆ. ಶರಣರ ಮುಂದೆ ತಲೆಬಾಗಿದ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೂ ಅರಸನ ಮುನಿಸಿಗೆ ಅಂಜಿ ತಮ್ಮ ನಡೆಯನ್ನು ಬದಲಿಸಲಿಲ್ಲ. ಬಾಗಿದ ತಲೆಯು ಭಯದಿಂದ ಬಾಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ತನ್ನ ಬೆಲೆಯ ವಿಷಯದಲ್ಲಿ ನಿಶ್ಚಿಂತನಾದವನೇ ನಿಜವಾಗಿ ಬಾಗಬಲ್ಲನು. ದಾಂಪತ್ಯದಲ್ಲಿಯೂ ಹಾಗೆಯೇ. “ತಪ್ಪು ನನ್ನದು” ಎಂಬ ಎರಡು ಪದಗಳನ್ನು ಮೊದಲು ಆಡಬಲ್ಲವರು ಆ ಮನೆಯಲ್ಲಿ ಬಲಹೀನರಲ್ಲ, ಬಲವುಳ್ಳವರು.

ಇನ್ನೊಂದು ಎಚ್ಚರಿಕೆಯೂ ಅವಶ್ಯವಾಗಿದೆ. ತೃಪ್ತಿಯು ಒಳಗಿನಿಂದ ಬರುವುದೆಂಬ ಮಾತನ್ನು ಹಿಡಿದುಕೊಂಡು, ನೊಂದವರ ಬಾಯಿ ಮುಚ್ಚಿಸುವವರೂ ಇದ್ದಾರೆ. ಹೊಡೆತವನ್ನು ಉಂಡ ಹೆಣ್ಣುಮಗಳು ತವರಿಗೆ ಬಂದು ಅತ್ತಾಗ, “ನಿನ್ನ ಸ್ವಭಾವವನ್ನು ತಿದ್ದಿಕೋ, ಹೊಂದಿಕೊಂಡು ಹೋಗು” ಎನ್ನುವುದು ಬೋಧೆಯಲ್ಲ, ಅಧರ್ಮ. ಉಪ್ಪಿನ ಮಾತಿಗೆ ನೊಂದುಕೊಳ್ಳುವುದು ಬೇರೆ. ಬೆತ್ತಕ್ಕೆ ನೊಂದುಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಮದ್ದು ಒಳಗಿದೆ. ಎರಡನೆಯದಕ್ಕೆ ಹೊರಗಿನ ಆಶ್ರಯವೂ ಬೇಕು. ಭಾರತದಲ್ಲಿ 2005ರಲ್ಲಿ ಅಂಗೀಕೃತವಾದ, ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆಯು ಮೈಗೆ ಆದ ಪೆಟ್ಟನ್ನು ಮಾತ್ರವಲ್ಲದೆ, ಸತತವಾಗಿ ಹೀನಾಯಿಸುವ ಮಾತುಗಳನ್ನೂ ಹಿಂಸೆಯಲ್ಲಿಯೇ ಸೇರಿಸಿದೆ. ಇದು ಯೋಗ್ಯವಾದುದು. ಏಕೆಂದರೆ ಮನುಷ್ಯನ ಬೆಲೆಯು ಲಿಂಗದತ್ತವಾದುದೆಂದು ನಂಬಿದವರಿಗೆ, ಅದನ್ನು ತುಳಿಯುವುದು ಕೇವಲ ಮನೆಯ ಜಗಳವಾಗಿ ಉಳಿಯುವುದಿಲ್ಲ. ಅದು ಲಿಂಗವನ್ನು ಧರಿಸಿದ ದೇಹಕ್ಕೆ ಮಾಡಿದ ಅಪಚಾರ. ತನ್ನ ಬೆಲೆಯನ್ನು ಅರಿತವಳು ಅನ್ಯಾಯವನ್ನು ಸಹಿಸುತ್ತ ಕೂಡುವುದಿಲ್ಲ. ಅದನ್ನು ಅನ್ಯಾಯವೆಂದು ಗುರುತಿಸುವ ಶಕ್ತಿಯೇ ಆ ಅರಿವಿನಿಂದ ಬರುತ್ತದೆ.

ಹಾಗಾದರೆ ಹುಟ್ಟಿನೊಡನೆ ಬಂದ ಸ್ವಭಾವವು ಬದಲಾಗುವುದೇ? ಕಳವಳದ ಸ್ವಭಾವದವರು ಎಂದೆಂದಿಗೂ ಅತೃಪ್ತಿಗೇ ಗುರಿಯಾದವರೇ? ಹಾಗೇನೂ ಇಲ್ಲ. ಸಹಸ್ರಾರು ಜನರನ್ನು ಹಲವು ವರುಷ ಅನುಸರಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು, ಆತ್ಮಗೌರವವು ತಾರುಣ್ಯದಿಂದ ನಡುವಯಸ್ಸಿನವರೆಗೆ ಸಾಮಾನ್ಯವಾಗಿ ಏರುತ್ತಲೇ ಬಂದು ಅರವತ್ತರ ಸುಮಾರಿಗೆ ಉನ್ನತ ಮಟ್ಟವನ್ನು ಮುಟ್ಟುವುದೆಂದು ಕಂಡುಕೊಂಡಿದ್ದಾರೆ. ಬೇಗನೆ ಕಳವಳಗೊಳ್ಳುವ ಗುಣವೂ ವಯಸ್ಸಿನೊಡನೆ ಬಹುಮಂದಿಯಲ್ಲಿ ಇಳಿಮುಖವಾಗುತ್ತದೆ. ಸ್ವಭಾವವು ಕಲ್ಲಿನ ಬರೆಹವಲ್ಲ, ಹದವಾದ ಮಣ್ಣು. ಆದರೆ ಕಾಲವು ತಾನಾಗಿ ತಿದ್ದುವವರೆಗೆ ಕಾಯುತ್ತ ಕುಳಿತರೆ ಅರ್ಧ ಆಯುಷ್ಯವು ಅತೃಪ್ತಿಯಲ್ಲಿಯೇ ಕಳೆದುಹೋಗುವುದು. ಅಭ್ಯಾಸದಿಂದ ಅದನ್ನು ಬೇಗನೆ ಸಾಧಿಸಬಹುದು.

ಆ ಅಭ್ಯಾಸವು ಸಣ್ಣ ಸಣ್ಣ ಸಂಗತಿಗಳಲ್ಲಿ ಆರಂಭವಾಗತಕ್ಕದ್ದು. ಸಂಗಾತಿಯ ಮುಖ ಬಾಡಿರುವುದನ್ನು ಕಂಡಾಗ ಕಾರಣವನ್ನು ತಾನೇ ಊಹಿಸಿಕೊಳ್ಳದೆ, “ಏನಾಯಿತು?” ಎಂದು ಕೇಳುವುದು ಮೊದಲನೆಯದು. ಹತ್ತರಲ್ಲಿ ಎಂಟು ಸಲ ಉತ್ತರವು ತನ್ನನ್ನು ಕುರಿತದ್ದಾಗಿರುವುದೇ ಇಲ್ಲವೆಂದು ಕೇಳಿದವರಿಗೆ ತಿಳಿಯುವುದು. ತಪ್ಪನ್ನು ಹೇಳುವಾಗ ಮಾಡಿದ ಕೆಲಸವನ್ನು ಕುರಿತು ಹೇಳಬೇಕೇ ಹೊರತು ಮಾಡಿದವರ ಹುಟ್ಟನ್ನೂ ತವರನ್ನೂ ಎಳೆಯಬಾರದು. ಲಕ್ಕಮ್ಮನವರು ಹೆಚ್ಚಾದ ಅಕ್ಕಿಯನ್ನು ತಿರಸ್ಕರಿಸಿದರು, ತಂದ ಗಂಡನನ್ನಲ್ಲ. ಮೆಚ್ಚುಗೆಯ ಮಾತು ಬಂದಾಗ, “ಅದರಲ್ಲೇನಿದೆ, ಸುಮ್ಮನೆ ಹೇಳುತ್ತೀರಿ” ಎಂದು ತಳ್ಳಿಹಾಕದೆ ಪ್ರಸಾದವನ್ನು ಸ್ವೀಕರಿಸುವಂತೆ ಸ್ವೀಕರಿಸಬೇಕು. ಮೆಚ್ಚತಕ್ಕ ಗುಣವನ್ನು ಕಂಡವರು ಅದನ್ನು ಬಾಯಿಬಿಟ್ಟು ಹೇಳಲು ಜಿಪುಣತನ ಮಾಡಬಾರದು. ಆಳವಾದ ಬಾವಿಗೂ ಒರತೆ ಬೇಕು. ದಿನಕ್ಕೊಮ್ಮೆ ಇಷ್ಟಲಿಂಗವನ್ನು ಕರದಲ್ಲಿರಿಸಿಕೊಂಡು ಕುಳಿತಾಗ, ಗಂಡಹೆಂಡಿರ ನಡುವಿನ ಅಂದಿನ ಲೆಕ್ಕವನ್ನು ಮರೆತು, ತನ್ನ ಬೆಲೆಯು ಎಲ್ಲಿಂದ ಬಂದಿತೆಂಬುದನ್ನು ನೆನೆಯಬೇಕು. ಆ ಹೊತ್ತಿನಲ್ಲಿ ಹೊಗಳುವವರೂ ಇಲ್ಲ, ತೆಗಳುವವರೂ ಇಲ್ಲ.

ಮಕ್ಕಳ ವಿಷಯದಲ್ಲಿ ಹಿರಿಯರ ಹೊಣೆಯು ಇನ್ನೂ ದೊಡ್ಡದು. ಇಂದು ಒಲೆಯ ಮುಂದೆ ಉಪ್ಪಿನ ಮಾತಿಗೆ ಕಣ್ಣೀರಿಡುವವಳು ಅನೇಕ ಸಲ, ಚಿಕ್ಕಂದಿನಲ್ಲಿ ಅಕ್ಕನ ಬಣ್ಣದೊಡನೆ, ನೆರೆಮನೆಯ ಮಗುವಿನ ಅಂಕಗಳೊಡನೆ ಹೋಲಿಕೆಗೊಂಡು ಬೆಳೆದವಳಾಗಿರುತ್ತಾಳೆ. ಅಂಗಡಿ ಕುಗ್ಗಿದುದಕ್ಕೆ ತಾನೇ ಕುಗ್ಗಿದವನು, ಗಳಿಸಿದರೆ ಮಾತ್ರ ಗಂಡಸೆಂದು ಕೇಳುತ್ತ ಬೆಳೆದವನಾಗಿರುತ್ತಾನೆ. ಹುಟ್ಟಿದ ದಿನವೇ ಎದೆಯ ಮೇಲೆ ಲಿಂಗವನ್ನು ಇಟ್ಟು ಬೆಲೆಯನ್ನು ಒಪ್ಪಿಕೊಂಡ ತಾಯಿತಂದೆಗಳೇ ಮರುದಿನದಿಂದ ಅದನ್ನು ಅಂಕಪಟ್ಟಿಗೂ ಮೈಬಣ್ಣಕ್ಕೂ ಒತ್ತೆಯಿಟ್ಟರೆ, ಆ ಧಾರಣೆಗೆ ಅರ್ಥವೇನು ಉಳಿಯಿತು? ಮಗಳಿಗೆ ವರನನ್ನು ನೋಡುವಾಗಲೂ, ಮಗನಿಗೆ ಕನ್ಯೆಯನ್ನು ನೋಡುವಾಗಲೂ, ಹೊಲಮನೆಗಳ ವಿಚಾರಣೆಯ ಜೊತೆಯಲ್ಲಿ ಇನ್ನೂ ಎರಡು ಪ್ರಶ್ನೆಗಳನ್ನು ಹಿರಿಯರು ತಿಳಿದವರಲ್ಲಿ ಕೇಳುವುದೊಳ್ಳೆಯದು: ತಪ್ಪನ್ನು ತೋರಿಸಿದಾಗ ಇವರು ಹೇಗೆ ನಡೆದುಕೊಳ್ಳುತ್ತಾರೆ? ಸಿಟ್ಟು ಬಂದಾಗ ಕೈಯನ್ನೂ ನಾಲಗೆಯನ್ನೂ ತಡೆದುಕೊಳ್ಳಬಲ್ಲರೇ? ಸಂಬಳದ ಚೀಟಿಗಿಂತ ಈ ಉತ್ತರಗಳು ಮುಂದಿನ ಐವತ್ತು ವರುಷಗಳ ಬಾಳನ್ನು ಹೆಚ್ಚು ನಿಚ್ಚಳವಾಗಿ ತೋರಿಸುತ್ತವೆ.

ಸಂಗಾತಿಯಿಂದ ಬೆಲೆಯನ್ನು ಪಡೆಯಲು ಹೋದವರು ಸಾಲಗಾರರಂತೆ ಬಾಳುತ್ತಾರೆ. ಎಷ್ಟು ಬಂದರೂ ಹಳೆಯ ಬಡ್ಡಿಗೆ ಸಾಲದು. ಬೆಲೆಯನ್ನು ಲಿಂಗದಲ್ಲಿಯೂ ಕಾಯಕದಲ್ಲಿಯೂ ಕಂಡುಕೊಂಡವರು ಸಂಗಾತಿಯಿಂದ ಬಂದ ಪ್ರೀತಿಯನ್ನು ಲೆಕ್ಕವಿಡದೆ ಅನುಭವಿಸುತ್ತಾರೆ, ತಾವೂ ಲೆಕ್ಕವಿಡದೆ ಕೊಡುತ್ತಾರೆ. ಅಂತಹ ಮನೆಯಲ್ಲಿ ಉಪ್ಪು ಕಡಿಮೆಯಾದರೆ ಬರಿಯ ಉಪ್ಪು ಕಡಿಮೆಯಾಗಿರುತ್ತದೆ. ವ್ಯಾಪಾರ ಕುಗ್ಗಿದರೆ ಬರಿಯ ವ್ಯಾಪಾರ ಕುಗ್ಗಿರುತ್ತದೆ. ಮನುಷ್ಯರು ಕುಗ್ಗಿರುವುದಿಲ್ಲ. ಮಾರಯ್ಯನವರು ಅಕ್ಕಿಯನ್ನು ಹಿಂದಿರುಗಿಸಿ ಮನೆಗೆ ಬಂದಾಗ ಅವರ ಗಂಟು ಚಿಕ್ಕದಾಗಿತ್ತು. ಬಾಗಿಲಲ್ಲಿ ಅವರನ್ನು ಎದುರುಗೊಂಡ ಗೌರವವು ಚಿಕ್ಕದಾಗಿರಲಿಲ್ಲ. ಗೃಹಸ್ಥರ ಮನೆಮನೆಯ ಬಾಗಿಲಲ್ಲಿಯೂ ಅಂತಹ ಗೌರವವು ನೆಲೆಸಲಿ.